ಬುಕಿತ್ ತಿಮಾ: ಉಳಿದೂ ಒಂಟಿಯಾದ ಕಾಡು

ಸಿಂಗಪುರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮುಗಿಲು ಮುಟ್ಟುವ ಕಟ್ಟಡಗಳು. ಆ ನಗರದ ನಡುಭಾಗದಿಂದ 12 ಕಿಲೋಮೀಟರ್ ದೂರದಲ್ಲಿ ನಿತ್ಯಹರಿದ್ವರ್ಣದ ಕಾಡಿನ ತುಣುಕೊಂದು ಇಂದಿಗೂ ನಿಂತಿದೆ. ಹೆಸರು ಬುಕಿತ್ ತಿಮಾ. ಎತ್ತರ 163 ಮೀಟರ್. ನಮ್ಮ ಘಟ್ಟದಲ್ಲಿ ಇಂತಹ ದಿಬ್ಬಕ್ಕೆ ಹೆಸರಿಡುವ ಗೋಜಿಗೂ ಯಾರೂ ಹೋಗಲಾರರು. ಆ ದ್ವೀಪಕ್ಕೆ ಮಾತ್ರ ಅದೇ ಅತ್ಯುನ್ನತ ಶಿಖರ. ಬುಡದಿಂದ ನೆತ್ತಿಯವರೆಗೆ ಡಾಂಬರಿನ ದಾರಿಯಿದ್ದು, ನಿಧಾನವಾಗಿ ಹತ್ತಿದರೂ ಮುಕ್ಕಾಲು ಗಂಟೆ ಸಾಕು. ಇಕ್ಕೆಲದಲ್ಲಿ ಕಾಣುವ ಸೆರಾಯ ಮರಗಳು ನಮ್ಮ ಸಾಲುಧೂಪ, ಕಿರಾಲುಬೋಗಿಗಳ ಕುಟುಂಬಕ್ಕೇ ಸೇರಿದವು. ನಮ್ಮ ಊರುಗಳಲ್ಲಿಯೂ ಪ್ರವಾಸಿಗರಿಗಾಗಿ ಚಾರಣಪಥಗಳ ಮಾತು ನಡೆದಿರುವಾಗ ಈ ಪುಟ್ಟ ದಾರಿಯ ಕಥೆಯನ್ನು ಮಲೆನಾಡಿಗರು ತಿಳಿದಿರುವುದು ಅಗತ್ಯ.

1854ರಲ್ಲಿ ಇಂಗ್ಲೆಂಡಿನ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಇಲ್ಲಿ ಕೀಟಗಳನ್ನು ಸಂಗ್ರಹಿಸಿದರು. ಸುಮಾರು ಎರಡು ತಿಂಗಳಲ್ಲಿ ಅವರಿಗೆ ದೊರೆತ ದುಂಬಿಗಳು 700 ಬಗೆ. ಬಹುಪಾಲು ಒಂದು ಚದರ ಮೈಲಿಗೆ ಮೀರದ ಕಾಡಿನಲ್ಲೇ ಸಿಕ್ಕಿದವು. ಮರ ಕಡಿಯುವವರು ಬಿಟ್ಟುಹೋದ ತೊಗಟೆ, ಒಣಎಲೆ, ಗರಗಸದ ಹುಡಿಯೇ ದುಂಬಿಗಳ ಈ ಸಮೃದ್ಧಿಗೆ ಒಂದು ಕಾರಣವೆಂದು ಅವರೇ ಬರೆದಿದ್ದಾರೆ. ಅಂದರೆ ಆಗಲೇ ಕಾಡಿನೊಳಗೆ ಕೊಡಲಿ ನಡೆದಿತ್ತು.

ಸಿಂಗಪುರದ ಕಾಡನ್ನು ನುಂಗಿದ್ದು ಕಟ್ಟಡಗಳೆಂದು ಬಗೆಯುವವರು ಬಹಳ. ಅದರ ಬಹುಭಾಗ ಹೋದದ್ದು 19ನೆಯ ಶತಮಾನದಲ್ಲಿ, ಗ್ಯಾಂಬಿಯರ್ ಮತ್ತು ಕಾಳುಮೆಣಸಿನ ತೋಟಗಳಿಗಾಗಿ. ಗ್ಯಾಂಬಿಯರ್ ಗಿಡದ ಎಲೆಯನ್ನು ಕುದಿಸಿ, ರಸವನ್ನು ಬತ್ತಿಸಿ ಒಂದು ಬಗೆಯ ಕಾಚನ್ನು ತೆಗೆಯುತ್ತಿದ್ದರು. ಚರ್ಮ ಹದಮಾಡಲು, ಎಲೆಯಡಿಕೆಯೊಡನೆ ಮೆಲ್ಲಲು ಅದು ಬೇಕಿತ್ತು. ಕುದಿಸಿ ಉಳಿದ ಎಲೆ ಮೆಣಸಿನ ಬಳ್ಳಿಗೆ ಗೊಬ್ಬರ. ಕುದಿಸುವ ಒಲೆಗೆ ಸುತ್ತಲಿನ ಕಾಡಿನ ಸೌದೆ. ಸೌದೆ ಮುಗಿದು ಮಣ್ಣು ಸತ್ತಾಗ ತೋಟಿಗರು ಜಾಗ ಬಿಟ್ಟು ಮುಂದಿನ ಕಾಡಿಗೆ ಹೊರಡುತ್ತಿದ್ದರು. ಅಡಿಕೆ ಬೇಯಿಸಿ ಚೊಗರು ಕಾಯಿಸುವ ನಮಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ಇದೆಯಲ್ಲವೆ? ನಮ್ಮಲ್ಲಿ ಬೆಟ್ಟ ಬೋಳಾದರೆ ತೋಟವೂ ಸೊರಗುತ್ತದೆಂಬ ಭಯವಾದರೂ ಇದೆ. ಬಿಟ್ಟು ಹೋಗುವವನಿಗೆ ಆ ಭಯವೆಲ್ಲಿಯದು?

1880ರ ದಶಕದಲ್ಲಿ ಬ್ರಿಟಿಷ್ ಆಡಳಿತ ಎಚ್ಚೆತ್ತು ಉಳಿದ ತುಣುಕುಗಳನ್ನು ಮೀಸಲಿಟ್ಟಿತು. ಬುಕಿತ್ ತಿಮಾ ಅಂದಿನಿಂದಲೂ ರಕ್ಷಿತ. ಇಂದು ಅದರ ವಿಸ್ತೀರ್ಣ ಸುಮಾರು 163 ಹೆಕ್ಟೇರ್. 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ ಸಿಂಗಪುರದ ನೆಲದ ಶೇ. 0.25ರಷ್ಟು ಮಾತ್ರ ಇರುವ ಮೀಸಲು ಕಾಡುಗಳು ಅಲ್ಲಿ ಉಳಿದಿರುವ ಮೂಲ ಜೀವಸಂಪತ್ತಿನ ಅರ್ಧಕ್ಕೂ ಹೆಚ್ಚು ಭಾಗಕ್ಕೆ ಆಶ್ರಯ ಕೊಟ್ಟಿವೆ. ತುಣುಕು ಕಾಡು ನಿಷ್ಪ್ರಯೋಜಕವೆನ್ನುವವರಿಗೆ ಇದೊಂದೇ ಅಂಕಿ ಸಾಕು.

ಆದರೆ ಮೀಸಲು ಎಂಬ ಫಲಕ ಕಾಡನ್ನು ಕೂಡಿಸಿ ಇಡುವುದಿಲ್ಲ. ಬುಕಿತ್ ತಿಮಾಕ್ಕೂ ಪಕ್ಕದ ಜಲಾನಯನ ಪ್ರದೇಶದ ದೊಡ್ಡ ಕಾಡಿಗೂ ನಡುವೆ 1986ರಲ್ಲಿ ಹೆದ್ದಾರಿಯೊಂದು ಸಿದ್ಧವಾಯಿತು. ಬುಕಿತ್ ತಿಮಾದಲ್ಲಿ ಮರದಿಂದ ಮರಕ್ಕೆ ಜಿಗಿದು ಬಾಳುವ ಒಂದು ಜಾತಿಯ ಕಪ್ಪು ಮುಸುವಗಳಿದ್ದವು. ಅವುಗಳ ಸಂಖ್ಯೆ ಮೊದಲೇ ಕುಗ್ಗಿತ್ತು. ಹೆದ್ದಾರಿಯಾದ ಮರುವರ್ಷ, 1987ರಲ್ಲಿ, ಅಲ್ಲಿ ಉಳಿದಿದ್ದ ಕೊನೆಯ ಮುಸುವ ನಾಯಿಗಳ ಹಿಂಡಿಗೆ ಬಲಿಯಾಯಿತು. ರಸ್ತೆಯೇ ಅದನ್ನು ಕೊಂದಿತೆಂದು ನಾನು ಹೇಳುತ್ತಿಲ್ಲ. ಆ ಕಾಡಿಗೆ ಇನ್ನೊಂದು ಮುಸುವ ಬಂದು ಸೇರುವ ದಾರಿಯನ್ನು ಮುಚ್ಚಿದ್ದು ಮಾತ್ರ ರಸ್ತೆಯೇ. ಆಚೆ ಬದಿಯ ಕಾಡಿನಲ್ಲಿ ಆ ಜಾತಿ ಇನ್ನೂ ಬದುಕಿದೆ.

ತುಂಡಾದುದನ್ನು ಕೂಡಿಸಲು 2013ರಲ್ಲಿ ಹೆದ್ದಾರಿಯ ಮೇಲೆ 62 ಮೀಟರ್ ಉದ್ದದ ಸೇತುವೆ ಕಟ್ಟಿ, ಮಣ್ಣು ಹರಡಿ, ಗಿಡ ನೆಟ್ಟರು. ವೆಚ್ಚ ಒಂದೂವರೆ ಕೋಟಿ ಸಿಂಗಪುರ ಡಾಲರಿಗೂ ಮಿಗಿಲು. ಚಿಪ್ಪುಹಂದಿ, ಪುನುಗುಬೆಕ್ಕುಗಳು ಅದನ್ನು ಬಳಸುತ್ತಿರುವುದು ಸಂತೋಷದ ಸಂಗತಿಯೇ. ಶ್ರೀಮಂತ ದೇಶ; 27 ವರ್ಷ ತಡವಾದರೂ ದುಡ್ಡು ಕೊಟ್ಟು ಕೂಡಿಸಿತು. ನಮ್ಮಲ್ಲಿ ಯಾರು ಕೊಡುವವರು?

ಇನ್ನು ಕಾಲುಗಳ ಮಾತು. ವರ್ಷಕ್ಕೆ ಸುಮಾರು 4 ಲಕ್ಷ ಜನ ಆ ದಿಬ್ಬವನ್ನು ಹತ್ತುವಂತಾದಾಗ ದಾರಿಯಂಚು ಕುಸಿದು ಬೇರುಗಳು ಬರಿದಾದವು, ಒಳದಾರಿಗಳು ಕವಲೊಡೆದವು. 2014ರಲ್ಲಿ ದುರಸ್ತಿಗಾಗಿ ಕಾಡನ್ನು ಮುಚ್ಚಿ, ನಡುವೆ ವಾರಾಂತ್ಯಗಳಲ್ಲಿ ಮಾತ್ರ ಸ್ವಲ್ಪ ಭಾಗ ತೆರೆದು, ಪೂರ್ತಿ ತೆರೆದದ್ದು 2016ರಲ್ಲಿ. ನಮ್ಮ ಸರ್ಕಾರವೂ 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಚಾರಣಿಗರು ಒಮ್ಮೆಗೇ ನೆರೆದ ಬಳಿಕ ಚಾರಣವನ್ನು ತಡೆದು, ಮುಂಗಡ ನೋಂದಣಿಯ ಮಾತಾಡಿತು. ಜನಸಂಖ್ಯೆಗೆ ಮಿತಿ ಬೇಕು, ಒಪ್ಪೋಣ. ಆದರೆ ಆಳುವವರು ಚಾರಣಿಗರನ್ನು ಎಣಿಸುವಷ್ಟರಲ್ಲೇ ತೃಪ್ತರಾಗುತ್ತಾರೆ. ರಸ್ತೆ ಅಗಲವಾಗುವಾಗ ಮುರಿದ ಕೊಂಬೆಗಳನ್ನು ಎಣಿಸುವವರಿಲ್ಲ.

ಹೊನ್ನಾವರದಿಂದ ಸಾಗರಕ್ಕೆ ಏರುವ ಹೆದ್ದಾರಿಯ ಬದಿಯಲ್ಲೇ ಕತ್ತಲೆಕಾನಿದೆ. ಅಲ್ಲಿನ ರಾಂಪತ್ರೆ ಜಡ್ಡಿಗಳೂ ಚೂರುಚೂರಾಗಿ ಉಳಿದವೇ. ಅವುಗಳ ಸುತ್ತಲಿನ ಕಾಡಿನಲ್ಲಿ ಸಿಂಗಳೀಕಗಳಿವೆ. ಸಿಂಗಳೀಕ ನೆಲಕ್ಕಿಳಿಯಲು ಹಿಂಜರಿಯುವ ಪ್ರಾಣಿ. ಅದಕ್ಕೆ ರಸ್ತೆಯ ಅಗಲವೆಂದರೆ ಮೇಲೆ ಕೊಂಬೆಗೂ ಕೊಂಬೆಗೂ ನಡುವೆ ಇರುವ ಬಯಲು. ಕೊಡಗಿನ ದೇವರಕಾಡುಗಳು ಸಾವಿರಕ್ಕೂ ಹೆಚ್ಚು. ಅವು ಇಂದು ಬದುಕಿರುವುದು ದೇವರ ಭಯದಿಂದ ಎಷ್ಟೋ, ನಡುವಿನ ಕಾಫಿ ತೋಟಗಳ ನೆರಳಿನಿಂದಲೂ ಅಷ್ಟೇ. ಆ ನೆರಳುಮರಗಳನ್ನು ಕಡಿದರೆ ಪ್ರತಿಯೊಂದು ದೇವರಕಾಡೂ ಒಂದೊಂದು ಬುಕಿತ್ ತಿಮಾ.

ಆದ್ದರಿಂದ ಊರಿಗೆ ಚಾರಣಪಥದ ಅಥವಾ ರಸ್ತೆ ಅಗಲೀಕರಣದ ಪ್ರಸ್ತಾಪ ಬಂದಾಗ ಗ್ರಾಮಸಭೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಕಾಡು ಯಾವ ಕಾಡಿನೊಡನೆ, ಎಲ್ಲಿ ಕೂಡಿಕೊಂಡಿದೆ? 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿಗಳಲ್ಲಿರುವ ಸಮಿತಿಗಳು ಗಿಡಮೂಲಿಕೆಗಳ ಪಟ್ಟಿ ಬರೆದು ಸುಮ್ಮನಾಗಿವೆ. ವಿದ್ಯಾರ್ಥಿಗಳು ಮಳೆ ಬಿಟ್ಟ ಮೇಲೆ ತಮ್ಮೂರಿನ ರಸ್ತೆಯುದ್ದಕ್ಕೂ ನಡೆದು, ತಲೆಯ ಮೇಲೆ ಕೊಂಬೆಗಳು ಇನ್ನೂ ಕೈಕೈ ಹಿಡಿದಿರುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಲಿ. ಆ ನಕ್ಷೆ, ಯಾವ ಗುತ್ತಿಗೆದಾರ ಬರುವ ಮೊದಲೇ, ಪಂಚಾಯತಿಯ ದಾಖಲೆಗೆ ಸೇರಲಿ.