ಬುಡಕ್ಕಿಂತ ಮೊದಲು ಕೊಂಬೆ

ಎರಡನೇ ಪಿಯು ಪರೀಕ್ಷೆ ಮುಗಿಸಿಕೊಂಡು ಅಕ್ಕನ ಮಗಳು ರಜೆಗೆ ಬೇಗೂರಿನ ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಜಪಾನಿನ ಅನಿಮೆ ಎಂದರೆ ಪ್ರಾಣ. ಗಂಡಮ್ ಎಲ್ಲಿಂದ ಶುರುಮಾಡಬೇಕು ಎಂದು, ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರನ್ನು ಕೇಳಿದಳು. ಅವರು ಈ ಸರಣಿಯನ್ನು ವರ್ಷಗಟ್ಟಲೆ ಅಕ್ಕರೆಯಿಂದ ನೋಡಿಕೊಂಡು ಬಂದವರು. ಕೂತು ಒಂದು ಪಟ್ಟಿ ಬರೆದುಕೊಟ್ಟರು. ಮೊದಲು 1979ರ ಮೂಲ ಸರಣಿಯ 43 ಕಂತು, ಆಮೇಲೆ ಝೀಟಾದ 50, ಅದರ ಬೆನ್ನಿಗೆ ಡಬಲ್ ಝೀಟಾದ 47, ಅದಾದ ಮೇಲೆ 1988ರ ಸಿನಿಮಾ. ಕೊನೆಯಲ್ಲಿ ಒಂದು ಸೂಚನೆ: ಮಾಂಗಾಗಳಲ್ಲಿ, ಅಂದರೆ ಜಪಾನಿನ ಚಿತ್ರಕಥೆಗಳಲ್ಲಿ, ಬಂದ ಉಪಕಥೆಗಳನ್ನು ಬಿಟ್ಟುಬಿಡು, ಅವು ಅಧಿಕೃತವಲ್ಲ.

ಹುಡುಗಿ ಹನ್ನೊಂದು ಕಂತು ನೋಡಿ ನಿಲ್ಲಿಸಿದಳು. "ಚಿಕ್ಕಮ್ಮ, ಇದು ಪೋರ್ಷನ್ ಮುಗಿಸಿದ ಹಾಗಾಗ್ತಿದೆ" ಅಂದಳು.

ಪಟ್ಟಿ ಕೊಟ್ಟವರ ಬಗ್ಗೆ ನನಗೆ ಗೌರವವಿದೆ. ಅವರು ಹೇಳಿದ್ದೇ ರೂಢಿಯ ಮಾತು ಕೂಡ. ಆದರೂ ಆ ಪಟ್ಟಿಯನ್ನು ತಲೆಕೆಳಗು ಮಾಡಬೇಕು ಎನ್ನುವುದು ನನ್ನ ವಾದ. ಗಂಡಮ್‌ಗೆ ಹೊಸಬರಾದ ಕನ್ನಡದ ಓದುಗರು ಉಪಕಥೆಯ ಮಾಂಗಾದಿಂದಲೇ ಶುರುಮಾಡಲಿ.

ತಿಳಿಯದವರಿಗೆ ಎರಡು ಮಾತು. ಭೂಮಿಯಲ್ಲಿ ಜಾಗ ಸಾಲದೆ ಮನುಷ್ಯರು ಬಾಹ್ಯಾಕಾಶದಲ್ಲಿ ವಸಾಹತು ಕಟ್ಟಿಕೊಂಡಿದ್ದಾರೆ. ಅವುಗಳಲ್ಲಿ ಒಂದಾದ ಜಿಯಾನ್ ಸ್ವಾತಂತ್ರ್ಯ ಸಾರಿ ಭೂಮಿಯ ಒಕ್ಕೂಟದ ಮೇಲೆ ಯುದ್ಧ ಹೂಡುತ್ತದೆ, ಮನುಕುಲದ ಅರ್ಧ ಜನ ಸಾಯುತ್ತಾರೆ. ಹದಿನೆಂಟು ಮೀಟರ್ ಎತ್ತರದ ಯಂತ್ರಗಳ ಒಳಗೆ ಕೂತು ಹುಡುಗರು ಹೊಡೆದಾಡುತ್ತಾರೆ. ನಿರ್ದೇಶಕ ಯೋಶಿಯುಕಿ ತೊಮಿನೊ ಹೇಳಿದ್ದು ಅಮುರೊ ಎಂಬ ಒಬ್ಬ ಹುಡುಗನ ಕಥೆ. ಅಷ್ಟು ದೊಡ್ಡ ಯುದ್ಧದಲ್ಲಿ ಹೇಳದೆ ಉಳಿದ ಕಥೆಗಳು ಎಷ್ಟಿರಬೇಡ!

ಅಂಥ ಕಥೆಗೆ ದೂರ ಹೋಗಬೇಕಿಲ್ಲ. ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಕ್ರಿ.ಶ. 890ರ ಸುಮಾರಿನ ಒಂದು ಶಾಸನವಿದೆ. ಬೆಂಗಳೂರು ಎಂಬ ಹೆಸರು ಸಿಕ್ಕುವ ಹಳೆಯ ದಾಖಲೆ ಎಂದು ಎಲ್ಲರೂ ಅದನ್ನು ತೋರಿಸುತ್ತಾರೆ. ನನಗೆ ಅದರಲ್ಲಿ ಹೆಚ್ಚು ಕಾಡುವುದು ಬೇರೆ ಸಂಗತಿ. ಗಂಗರ ಕಾಲದ ಆ ಕಲ್ಲು ಬೆಂಗಳೂರಿನ ಕಾಳಗವನ್ನು ನೆನೆಯುವುದು ರಾಜನ ಗೆಲುವಿಗಾಗಿ ಅಲ್ಲ, ನಾಗತ್ತರ ಎಂಬ ಅಧಿಕಾರಿಯ ಕಡೆಯವರ ಸಾವಿಗಾಗಿ. ಬುಟ್ಟಣಪತಿ, ಪೆರ್ವೊಣ ಸೆಟ್ಟಿ ಎಂಬ ಹೆಸರುಗಳು ಅದರಲ್ಲಿವೆ. ಕಾಳಗ ಯಾಕಾಯಿತು, ಗೆದ್ದವರು ಯಾರು ಎಂಬುದು ಅದರಲ್ಲಿಲ್ಲ. ನಾಡಿನ ವೀರಗಲ್ಲುಗಳಲ್ಲಿ ಎಷ್ಟೋ ಹೀಗೆಯೇ ಇವೆ. ದೊಡ್ಡ ಯುದ್ಧದ ಬದಿಯಲ್ಲಿ ಬಿದ್ದ ಒಬ್ಬ ಆಳಿನ ಕಥೆಯನ್ನು, ದೊಡ್ಡ ಕಥೆ ಗೊತ್ತಿಲ್ಲದೆಯೇ ನಿಂತು ಓದುವುದು ನಮಗೆ ಹೊಸದಲ್ಲ.

ಸಾಹಿತ್ಯದಲ್ಲೂ ಅಷ್ಟೇ. ರನ್ನ 'ಗದಾಯುದ್ಧ'ದಲ್ಲಿ ಎತ್ತಿಕೊಂಡದ್ದು ಕುರುಕ್ಷೇತ್ರದ ಕಟ್ಟಕಡೆಯ ಗದೆಯ ಹೊಡೆದಾಟವನ್ನು. ಉಳಿದ ಭಾರತವೆಲ್ಲ ಹಿಂತಿರುಗಿ ನೋಡಿದ ನೋಟದಲ್ಲಿ ಬಂದುಹೋಗುತ್ತದೆ. ಯಕ್ಷಗಾನದ 'ಕೃಷ್ಣಾರ್ಜುನ ಕಾಳಗ' ವ್ಯಾಸರ ಭಾರತದಲ್ಲಿ ಇಲ್ಲವೇ ಇಲ್ಲ. ಹಾಗೆಂದು ರಂಗಸ್ಥಳದ ಮುಂದೆ ಕೂತವರು ಯಾರೂ ಅದನ್ನು ಅನಧಿಕೃತ ಎಂದು ಎದ್ದುಹೋಗಲಿಲ್ಲ. ಗಂಡಮ್ ಜಪಾನಿನ ಟಿವಿಗೆ ಬಂದ ಆ 1979ರಲ್ಲೇ ಭೈರಪ್ಪನವರ 'ಪರ್ವ'ವೂ ಬಂತು. ಯುದ್ಧವನ್ನು ದೇವರ ಕಡೆಯಿಂದ ನೋಡದೆ ಹೆಣದ ವಾಸನೆಯ ಕಡೆಯಿಂದ, ಮಕ್ಕಳನ್ನು ಕಳಕೊಂಡವರ ಕಡೆಯಿಂದ ನೋಡಿದ ಕಾದಂಬರಿ ಅದು.

ಇನ್ನು ಅಧಿಕೃತ ಎಂಬ ಮಾತಿಗೆ ಬರೋಣ. ತೆರೆಯ ಮೇಲೆ ಬಂದದ್ದು ಮಾತ್ರ ನಿಜವಾದ ಇತಿಹಾಸ, ಕಾಗದದ ಮೇಲಿನದು ಅಲ್ಲ ಎಂಬುದು ಗಂಡಮ್ ಲೋಕದಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ. ಆದರೆ ಆ ಬುಡವಾದರೂ ಎಷ್ಟು ಗಟ್ಟಿ? 52 ಕಂತಿಗೆ ಯೋಜಿಸಿದ್ದ ಮೂಲ ಸರಣಿಯನ್ನು ನೋಡುಗರು ಸಾಲದೆ 43ಕ್ಕೆ ಮೊಟಕುಗೊಳಿಸಿದರು. ತೊಮಿನೊ ತಾವೇ ಬರೆದ ಕಾದಂಬರಿಗಳಲ್ಲಿ ಅಮುರೊನನ್ನು ಸಾಯಿಸಿಬಿಟ್ಟರು. ಮೂಲದ ಪಾತ್ರಗಳಿಗೆ ಮುಖ ಕೊಟ್ಟ ಯೋಶಿಕಾಜು ಯಾಸುಹಿಕೊ ತಯಾರಿಕೆಯ ನಡುವೆಯೇ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದರು. ಇಪ್ಪತ್ತೆರಡು ವರ್ಷದ ಮೇಲೆ, 2001ರಲ್ಲಿ, 'ದಿ ಒರಿಜಿನ್' ಎಂಬ ಮಾಂಗಾ ಹಿಡಿದು ಹತ್ತು ವರ್ಷ ಕೂತು ಅದೇ ಕಥೆಯನ್ನು ಮೊದಲಿನಿಂದ ಚಿತ್ರಿಸಿದರು. ಅಮುರೊನ ಎದುರಾಳಿ, ಬಾಲ್ಯದಲ್ಲೇ ತಂದೆಯನ್ನು ಕಳಕೊಂಡ ಶಾರ್ ಮತ್ತು ಅವನ ತಂಗಿಯ ಹಿನ್ನೆಲೆಗೆ ಅಲ್ಲಿ ಸಂಪುಟಗಳನ್ನೇ ಮೀಸಲಿಟ್ಟರು. ಕಟ್ಟಿದವರೇ ಹೀಗೆ ಬೇರೆ ಬೇರೆಯಾಗಿ ಹೇಳಿದ ಮೇಲೆ, ಇದೊಂದೇ ಸರಿ ಎಂದು ಗೆರೆ ಎಳೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಮೊದಲು ಯಾವುದು? ಯಾಸುಓ ಓತಾಗಾಕಿ ಅವರ 'ಥಂಡರ್‌ಬೋಲ್ಟ್'. 2012ರಲ್ಲಿ ದೊಡ್ಡವರ ಮಾಂಗಾ ಪತ್ರಿಕೆಯೊಂದರಲ್ಲಿ ಶುರುವಾದದ್ದು, ಇಂಗ್ಲಿಷಿನಲ್ಲೂ ಸಿಗುತ್ತದೆ. ಒಡೆದುಹೋದ ವಸಾಹತುಗಳ ಚೂರುಗಳು ತೇಲುವ ಒಂದು ಪ್ರದೇಶ. ಚೂರುಗಳಲ್ಲಿ ವಿದ್ಯುತ್ತು ತುಂಬಿಕೊಂಡು ಅಲ್ಲಿ ಸದಾ ಮಿಂಚು. ಒಂದು ಕಡೆ ಇರುವವರು ಆ ಒಡೆದ ಊರಿನ ಮಕ್ಕಳೇ, ಮನೆ ಇದ್ದ ಜಾಗವನ್ನು ವಾಪಸು ಪಡೆಯಲು ಬಂದವರು. ಇನ್ನೊಂದು ಕಡೆ ಜಿಯಾನಿನ ಗುರಿಕಾರರು. ಅವರೆಲ್ಲ ಯುದ್ಧದಲ್ಲಿ ಕೈಯೋ ಕಾಲೋ ಕಳಕೊಂಡವರು. ಕೃತಕ ಅಂಗಗಳ ಪ್ರಯೋಗಕ್ಕೆ ಮಾಹಿತಿ ಸಿಗುತ್ತದೆಂದು ಸೇನೆ ಅವರನ್ನು ಒಟ್ಟುಗೂಡಿಸಿ ಮುಂಚೂಣಿಗೆ ನಿಲ್ಲಿಸಿದೆ. ಎರಡೂ ಕಾಲು ಕಳಕೊಂಡ ಡ್ಯಾರಿಲ್ ಕನಸಿನಲ್ಲಿ ಸಮುದ್ರತೀರದಲ್ಲಿ ಓಡುತ್ತಾನೆ. ಎದುರಾಳಿ ಐಯೋ ಡ್ರಮ್ಸ್ ಬಾರಿಸುವವನು, ಜಾಝ್ ಹಾಕಿಕೊಂಡೇ ಕೊಲ್ಲಲು ಬರುತ್ತಾನೆ. ಡ್ಯಾರಿಲ್ ಕೇಳುವುದು ಹಳೆಯ ಪ್ರೇಮಗೀತೆ. ಗಂಡಮ್ ಎಂಬ ಹೆಸರಿನ ಯಂತ್ರ ಸಿಗುವುದು ಐಯೋಗೆ, ಆದರೆ ಮನಸ್ಸು ಹೋಗುವುದು ಡ್ಯಾರಿಲ್ ಕಡೆಗೆ. ಇದನ್ನು ಓದಲು ಅಮುರೊ ಯಾರೆಂದು ಗೊತ್ತಿರಬೇಕಿಲ್ಲ. ಮಿಕ್ಕ ಮೈಯನ್ನೂ ಯಂತ್ರಕ್ಕೆ ಕೊಡು ಎಂದು ಡ್ಯಾರಿಲ್‌ನನ್ನು ಕೇಳುವ ಘಟ್ಟದಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋಗಿದ್ದೆ.

ಅದು ಭಾರವಾಯಿತು ಅನ್ನುವವರಿಗೆ 'ಕ್ರಾಸ್‌ಬೋನ್'. ತೊಮಿನೊ ಕಥೆಗೆ ಯೂಯಿಚಿ ಹಾಸೆಗಾವಾ ಚಿತ್ರ, 1994ರಿಂದ 97ರವರೆಗೆ ಬಂದ ಆರು ಸಂಪುಟ. ಗುರುಗ್ರಹದ ಹತ್ತಿರ ಓದಲು ಹೊರಟ ಹುಡುಗ ಬಾಹ್ಯಾಕಾಶದ ಕಡಲ್ಗಳ್ಳರ ಜೊತೆ ಸೇರುವ ಸಾಹಸ. ಗುರುಗ್ರಹದ ಸಾಮ್ರಾಜ್ಯದ ಜನಕ್ಕೆ ನೀರು, ಗಾಳಿ ಎರಡೂ ದುರ್ಲಭ, ಅವರ ಸಿಟ್ಟು ಹುಟ್ಟುವುದು ಆ ಕೊರತೆಯಲ್ಲೇ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದ ಬೆಂಗಳೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯದು 'ಸೀಡ್ ಆಸ್ಟ್ರೇ'. ಇದರ ನಾಯಕ ಲೋ ಗ್ಯೂಲ್ ಸೈನಿಕನಲ್ಲ, ಗುಜರಿಯವನು. ನಾಶವಾದ ವಸಾಹತಿನ ಅವಶೇಷದಲ್ಲಿ ಸಿಕ್ಕ ಯಂತ್ರವನ್ನು ರಿಪೇರಿ ಮಾಡಿ ಬಳಸುತ್ತಾನೆ. ಬೊಮ್ಮನಹಳ್ಳಿ ಕಡೆಯ ಗುಜರಿ ಅಂಗಡಿಗಳ ಮುಂದೆ ಹಳೇ ಮೋಟರ್ ಬಿಚ್ಚುತ್ತ ಕೂತ ಹುಡುಗರನ್ನು ದಿನಾ ಕಾಣುವ ನನಗೆ ಅವನು ಬಹಳ ಇಷ್ಟ.

ಇವೆಲ್ಲ ಆಟಿಕೆ ಮಾರುವುದಕ್ಕೆ ಹುಟ್ಟಿದ ಕಥೆಗಳಲ್ಲವೇ ಎಂದು ನನ್ನ ಸಹೋದ್ಯೋಗಿ ಕೇಳಿದರು. ಹಲವು ಹೌದು. 1983ರಲ್ಲಿ ಬಂದಾಯಿ ಕಂಪನಿ ತೆರೆಯ ಮೇಲೆ ಬಾರದ ಯಂತ್ರಗಳ ಮಾದರಿ ಕಿಟ್‌ಗಳನ್ನು ಬಿಟ್ಟಾಗ, ಅವುಗಳ ಜೊತೆಗಿನ ವಿವರಣೆಯಿಂದಲೇ ಪಾತ್ರಗಳು ಹುಟ್ಟಿಕೊಂಡವು. ಆದರೆ ಮೂಲ ಸರಣಿಗೂ ದುಡ್ಡು ಹಾಕಿದ್ದು ಕ್ಲೋವರ್ ಎಂಬ ಆಟಿಕೆ ಕಂಪನಿಯೇ. ದೂರು ಕೊಂಬೆಗೆ ತಗಲಿದರೆ ಬುಡಕ್ಕೂ ತಗಲಬೇಕು. ಪಂಪ, ರನ್ನರೂ ಆಶ್ರಯ ಕೊಟ್ಟ ದೊರೆಗಳನ್ನು ನಾಯಕರ ಜೊತೆ ಹೋಲಿಸಿಯೇ ಬರೆದರು. ದುಡ್ಡು ಎಲ್ಲಿಂದ ಬಂತು ಎನ್ನುವುದರಿಂದ ಕಾವ್ಯ ತೀರ್ಮಾನವಾಗುವುದಿಲ್ಲ.

ಸಹೋದ್ಯೋಗಿಯ ಇನ್ನೊಂದು ಮಾತು ಮಾತ್ರ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿತು. "ಭಾರತ ನಮಗೆ ಅಜ್ಜಿಯ ಬಾಯಿಂದಲೇ ಗೊತ್ತು. ಅದಕ್ಕೇ ಪ್ರಸಂಗದಿಂದ ಶುರುಮಾಡಿದರೂ ನಡೆಯುತ್ತೆ. ಗಂಡಮ್ ಹಾಗಲ್ಲವಲ್ಲ, ಮೇಡಂ" ಅಂದರು. ಒಪ್ಪುತ್ತೇನೆ. ಹಾಗಾಗಿಯೇ ಎಲ್ಲ ಉಪಕಥೆಯನ್ನೂ ನಾನು ಮೊದಲಿಗೆ ಕೊಡುವುದಿಲ್ಲ. ಜಾನಿ ರೈಡನ್ ಎಂಬವನ ಮಾಂಗಾ ಕಥೆ ಸೊಗಸಾಗಿದ್ದರೂ ಹಳೆಯ ಯಂತ್ರಗಳ, ಹಳೆಯ ಹೆಸರುಗಳ ನೆನಪಿನ ಮೇಲೆ ನಿಂತಿದೆ, ಹೊಸಬರಿಗೆ ತಲೆಬುಡ ತಿಳಿಯದು. ಆದರೆ ಅಜ್ಜಿ ಕೂಡ ನಮಗೆ ಆದಿಪರ್ವದಿಂದ ಹೇಳಲಿಲ್ಲ. ಅಭಿಮನ್ಯುವನ್ನೋ ಏಕಲವ್ಯನನ್ನೋ ಹೇಳಿದಳು. ಅವನಿಗೆ ಯಾಕೆ ಹೀಗಾಯಿತು ಎಂದು ಕೇಳುತ್ತ ಕೇಳುತ್ತಲೇ ನಾವು ಭಾರತಕ್ಕೆ ಇಳಿದೆವು.

ಅಕ್ಕನ ಮಗಳು 'ಥಂಡರ್‌ಬೋಲ್ಟ್'ನ ಮೂರು ಸಂಪುಟ ಮುಗಿಸಿದ ರಾತ್ರಿ, ತಾನಾಗಿಯೇ ಮೂಲ ಸರಣಿಯ ಹನ್ನೆರಡನೆಯ ಕಂತು ಹಾಕಿಕೊಂಡಳು. ಅದರಲ್ಲಿ ಜಿಯಾನಿನ ದೊರೆಮಗ ಗಾರ್ಮಾನ ಅಂತ್ಯಕ್ರಿಯೆ ಬರುತ್ತದೆ. ಅವನ ಅಣ್ಣ ಗಿರೆನ್ ಸಾವಿರಾರು ಜನರೆದುರು ನಿಂತು ಯುದ್ಧಕ್ಕೆ ಹುರಿದುಂಬಿಸುತ್ತಾನೆ, ಜನ ಕೈಯೆತ್ತಿ ಕೂಗುತ್ತಾರೆ. ಅವಳು ಅಲ್ಲಿಗೆ ನಿಲ್ಲಿಸಿ, ಪರದೆಗೆ ಹತ್ತಿರ ಹೋಗಿ, "ಚಿಕ್ಕಮ್ಮ, ಈ ಗುಂಪಲ್ಲಿ ಡ್ಯಾರಿಲ್‌ನಂಥವರು ಎಷ್ಟು ಜನ ನಿಂತಿರಬಹುದು?" ಎಂದು ಕೇಳಿದಳು.