ನೋವು ಹೋಯಿತು, ಮೂಳೆ ಕೂಡಿತೇ?

ರಾಬರ್ಟ್ ಜೋನ್ಸ್ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಹೆಸರಾಂತ ಮೂಳೆ ವೈದ್ಯರು. ಒಮ್ಮೆ ನೃತ್ಯ ಮಾಡುತ್ತಿದ್ದಾಗ ಅವರ ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಹಿಂದಿರುವ ಉದ್ದನೆಯ ಮೂಳೆ ಮುರಿಯಿತು. ನೇರವಾಗಿ ಯಾವ ಪೆಟ್ಟೂ ಬಿದ್ದಿರಲಿಲ್ಲ. ತಮ್ಮ ಪಾದದ ಕಥೆಯೂ ಸೇರಿದಂತೆ ಇಂಥ ಕೆಲವು ಪ್ರಕರಣಗಳನ್ನು ಅವರು 1902ರಲ್ಲಿ ಪ್ರಕಟಿಸಿದರು. ವೈದ್ಯರ ಬಾಯಲ್ಲಿ ಅದು ಇಂದಿಗೂ 'ಜೋನ್ಸ್ ಮುರಿತ'.

ಕಬಡ್ಡಿ, ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳಿಗೆ ಈ ಮುರಿತ ಅಪರೂಪವಲ್ಲ. ಪಾದದಲ್ಲಿರುವ 26 ಮೂಳೆಗಳ ಪೈಕಿ ಈ ಮೂಳೆಯ ಆ ಜಾಗಕ್ಕೆ ರಕ್ತ ಪೂರೈಕೆ ಕಡಿಮೆ. ಆದ್ದರಿಂದ ಕೂಡುವುದು ನಿಧಾನ; ಕೆಲವೊಮ್ಮೆ ಕೂಡುವುದೇ ಇಲ್ಲ. ಆಟಗಾರರಿಗೆ ಹಲವು ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಒಳಗೊಂದು ಸ್ಕ್ರೂ ಕೂರಿಸುವುದು ಇದೇ ಕಾರಣಕ್ಕೆ.

ಆಸ್ಪತ್ರೆಯ ವಾಸ ಒಂದೆರಡು ದಿನ. ಆಮೇಲಿನ ಆರೆಂಟು ವಾರ ಮನೆಯಲ್ಲೇ. ನಿಜವಾದ ಪರೀಕ್ಷೆ ಇರುವುದು ಅಲ್ಲಿ.

ಮೊದಲ ವಾರ ಯಾರಿಗೂ ಬುದ್ಧಿ ಹೇಳಬೇಕಾಗಿಲ್ಲ, ನೋವೇ ಹೇಳುತ್ತದೆ. ಎರಡನೆಯ ವಾರದ ಹೊತ್ತಿಗೆ ಹೊಲಿಗೆ ಬಿಚ್ಚುತ್ತಾರೆ, ಗಾಯ ಒಣಗಿರುತ್ತದೆ. ಮೂರನೆಯ ವಾರ ನೋವು ಬಹುಪಾಲು ಮಾಯ. ಅಪಾಯ ಶುರುವಾಗುವುದು ಆಗಲೇ. ಹುಡುಗ ಅಮ್ಮನ ಕಣ್ಣು ತಪ್ಪಿಸಿ, ಗೋಡೆ ಹಿಡಿದು, ನಾಲ್ಕು ಹೆಜ್ಜೆ ಹಾಕಿ ನೋಡುತ್ತಾನೆ. ನೋಯುವುದಿಲ್ಲ. 'ಸ್ಕ್ರೂ ಹಾಕಿದ್ದಾರಲ್ಲ, ಇನ್ನೇನು' ಎಂದುಕೊಳ್ಳುತ್ತಾನೆ. ಅತ್ತ ಅಪ್ಪನಿಗೂ ತಪ್ಪಿಹೋಗುತ್ತಿರುವ ಟ್ಯೂಷನ್ನಿನ ಚಿಂತೆ.

ಸ್ಕ್ರೂ ಮೂಳೆಯನ್ನು ಕೂಡಿಸುವುದಿಲ್ಲ, ಕೂಡುವ ತನಕ ಹಿಡಿದುಕೊಂಡಿರುತ್ತದೆ, ಅಷ್ಟೆ. ಕೂಡಿಕೊಳ್ಳುವ ಕೆಲಸ ಮೂಳೆಯದೇ. ತಂತಿಯೊಂದನ್ನು ಮತ್ತೆ ಮತ್ತೆ ಬಾಗಿಸಿದರೆ ಕೊನೆಗೆ ತುಂಡಾಗುತ್ತದಲ್ಲವೇ? ಮೂಳೆ ಕೂಡುವ ಮೊದಲೇ ದಿನವೂ ಭಾರ ಬಿದ್ದರೆ ಸ್ಕ್ರೂವಿಗೂ ಅದೇ ಗತಿ ಬರಬಹುದು. ಆಗ ಮತ್ತೊಂದು ಶಸ್ತ್ರಚಿಕಿತ್ಸೆ, ಮತ್ತಷ್ಟು ತಿಂಗಳು. ಮೂಳೆ ಎಷ್ಟು ಕೂಡಿದೆ ಎಂಬುದನ್ನು ತಿಳಿಸುವುದು ಎಕ್ಸ್-ರೇ ಮತ್ತು ವೈದ್ಯರ ಪರೀಕ್ಷೆ. ನೋವಿಲ್ಲ ಎಂಬುದೊಂದೇ ಅದಕ್ಕೆ ಸಾಕ್ಷಿಯಲ್ಲ. ಕೆಲವರಿಗೆ ವಿಶೇಷ ಬೂಟು ತೊಡಿಸಿ ಬೇಗ ನಡೆಸುವುದೂ ಉಂಟು, ಕೆಲವರಿಗೆ ವಾರಗಟ್ಟಲೆ ನೆಲ ಸೋಕಿಸಬಾರದು ಎನ್ನುವುದೂ ಉಂಟು. ಪಕ್ಕದ ಮನೆಯವರ ಮಗ ಎಂದು ನಡೆದ ಎಂಬುದು ಲೆಕ್ಕಕ್ಕಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಹೇಳಿದ ದಿನವೇ ದಿನ.

ಹಾಗೆಂದು ಮಂಚಕ್ಕೆ ಕಟ್ಟಿಹಾಕಿದಂತೆ ಮಲಗಿಸುವುದೂ ಸಲ್ಲ. ಕಾಲ್ಬೆರಳು, ಮಂಡಿ ಆಡಿಸುತ್ತಿದ್ದರೆ ರಕ್ತ ಸಂಚಾರಕ್ಕೆ ಒಳ್ಳೆಯದು. ಯಾವ ವ್ಯಾಯಾಮ, ಎಷ್ಟು ಸಲ ಎಂಬುದನ್ನು ಆಸ್ಪತ್ರೆ ಬಿಡುವ ಮುನ್ನವೇ ಕೇಳಿ ಬರೆದುಕೊಳ್ಳಬೇಕು. ಮೊದಲ ಎರಡು ವಾರ ಮಲಗಿರುವಾಗ ಪಾದ ಎದೆಯ ಮಟ್ಟಕ್ಕಿಂತ ಮೇಲಿರಬೇಕು. ದಿಂಬು ಮೀನಖಂಡದ ಕೆಳಗಿರಲಿ. ಹಿಮ್ಮಡಿ ಒತ್ತಿಕೊಂಡಿದ್ದರೆ ಅಲ್ಲೇ ಹುಣ್ಣಾದೀತು. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಓದಲು ಕುಳಿತರೆ ಸಂಜೆಗೆ ಪಾದ ಊದಿಕೊಳ್ಳುತ್ತದೆ. ಎದುರಿಗೊಂದು ಸ್ಟೂಲು, ಅದರ ಮೇಲೆ ದಿಂಬು ಇಟ್ಟರೆ ಓದೂ ಸಾಗುತ್ತದೆ, ಕಾಲಿಗೂ ಹಿತ.

ಊರುಗೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳಷ್ಟು ಕೆಳಗಿರಬೇಕು. ಭಾರ ಅಂಗೈಗಳ ಮೇಲೆ ಬೀಳಬೇಕೇ ಹೊರತು ಕಂಕುಳಲ್ಲಿ ನೇತಾಡಬಾರದು. ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯಬಹುದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ನೋವಿನ ಕಾಲು ಮೊದಲು. ಮನೆಯಲ್ಲಿ ಜಾರಿ ಬೀಳುವ ಜಾಗ ಬಚ್ಚಲು. ನೆಲ ಒರೆಸಿ, ಒಳಗೊಂದು ಗಟ್ಟಿ ಕುರ್ಚಿ ಇಟ್ಟು, ಪಾದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕುಳಿತೇ ಸ್ನಾನ ಮಾಡಿಸಬೇಕು. ಕುಕ್ಕುರುಗಾಲಲ್ಲಿ ಕೂರುವ ಶೌಚಾಲಯವಿದ್ದರೆ ಅದರ ಮೇಲಿಡುವ ಕಮೋಡ್ ಕುರ್ಚಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಂದಿಟ್ಟುಕೊಂಡರೆ ಪರದಾಟ ತಪ್ಪುತ್ತದೆ. ಪ್ಲಾಸ್ಟರ್ ಒಳಗೆ ನವೆ ಎಂದು ಸ್ಕೇಲು ತೂರಿಸಿ ಕೆರೆದುಕೊಳ್ಳುವುದು ವಿದ್ಯಾರ್ಥಿಗಳ ಹಳೆಯ ಚಾಳಿ. ಕಣ್ಣಿಗೆ ಕಾಣದ ಆ ಗಾಯ ಕೀವಾದೀತು.

ಊಟದ ಮಾತಿಗೆ ಬಂದರೆ ಅಜ್ಜಿಯ ಪಥ್ಯ ಅಡ್ಡ ಬರುತ್ತದೆ. ಬೇಳೆ ನಂಜು, ಮೊಟ್ಟೆ ನಂಜು ಎಂದು ಬರಿಯ ಗಂಜಿ, ತಿಳಿಸಾರಿನಲ್ಲೇ ದಿನ ದೂಡಿಸುವ ಮನೆಗಳಿವೆ. ಗಾಯ ಮಾಯಲು, ಮೂಳೆ ಕೂಡಲು ಬೇಕಾದದ್ದೇ ಪ್ರೋಟೀನು. ಬೇಳೆ, ಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಎಲ್ಲವೂ ಇರಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಉಂಟು. ಮುದ್ದೆಯೋ ಅಂಬಲಿಯೋ, ಯಾವುದಾದರೂ ಸರಿ.

ಕೆಲವು ಸೂಚನೆಗಳು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಚಳಿಜ್ವರ, ಗಾಯದಿಂದ ಕೀವು, ಕಾಲೆತ್ತಿ ಇಟ್ಟರೂ ಏರುತ್ತಲೇ ಇರುವ ನೋವು, ಬೆರಳು ನೀಲಿಯಾಗುವುದು ಅಥವಾ ಮರಗಟ್ಟುವುದು, ಮೀನಖಂಡದಲ್ಲಿ ನೋವು ಮತ್ತು ಊತ ಇವುಗಳಲ್ಲಿ ಯಾವುದೇ ಬಂದರೂ ಆಸ್ಪತ್ರೆಗೆ ಹೋಗಬೇಕು. ಮೀನಖಂಡದ ನೋವಿಗೆ ಎಣ್ಣೆ ಹಚ್ಚಿ ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕದಲಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಎದೆನೋವು, ಉಸಿರುಗಟ್ಟುವಿಕೆ ಬಂದರಂತೂ ಒಂದು ನಿಮಿಷವೂ ತಡಮಾಡುವಂತಿಲ್ಲ.

ಇಷ್ಟೆಲ್ಲದರ ನಡುವೆ ಪೋಷಕರು ಮರೆಯುವ ಸಂಗತಿಯೊಂದಿದೆ. ಬೈಗುಳಕ್ಕೆ ಹೆದರಿದ ಮಗು ಸುಳ್ಳು ಹೇಳುತ್ತದೆ. ಕಾಲೂರಿ ನಡೆದದ್ದು, ಬಚ್ಚಲಲ್ಲಿ ಜಾರಿದ್ದು, ರಾತ್ರಿ ಮತ್ತೆ ನೋವು ಬಂದದ್ದು ಯಾವುದೂ ಹೊರಬರುವುದಿಲ್ಲ. ಕಾಲೇಜು ಹುಡುಗನಿಗೆ ಸಿಗರೇಟಿನ ಚಟವಿದ್ದರೆ ಅದನ್ನಂತೂ ಹೇಳಲಾರ. ಆದರೆ ನಿಕೋಟಿನ್ ಮೂಳೆ ಕೂಡುವುದನ್ನು ತಡಮಾಡುತ್ತದೆ ಎಂಬ ಕಾರಣಕ್ಕೆ ವೈದ್ಯರಿಗೆ ಅದು ತಿಳಿಯಲೇಬೇಕು. ವೈದ್ಯರೊಡನೆ ಐದು ನಿಮಿಷ ಒಬ್ಬನೇ ಮಾತಾಡಲು ಮಗನನ್ನು ಬಿಟ್ಟು ಅಪ್ಪ ಅಮ್ಮ ಹೊರಗೆ ಕುಳಿತರೆ ನಷ್ಟವೇನಿಲ್ಲ. 'ಹೆಜ್ಜೆ ಇಟ್ಟುಬಿಟ್ಟೆ' ಎಂದು ತಾನಾಗಿಯೇ ಬಂದು ಹೇಳುವ ಮಗುವಿಗೆ ಬೈಗುಳ ಬೇಡ; ವೈದ್ಯರಿಗೆ ಒಂದು ಫೋನು ಸಾಕು.

ಓದಿನ ಚಿಂತೆಗೆ ದಾರಿಗಳಿವೆ. ವೈದ್ಯರ ಪತ್ರವನ್ನು ಮೊದಲ ವಾರವೇ ಪ್ರಾಂಶುಪಾಲರಿಗೆ ಕೊಟ್ಟು ಹಾಜರಾತಿಯ ವಿಷಯ, ನೆಲಮಹಡಿಯ ಕೊಠಡಿಯ ವಿಷಯ ಮಾತಾಡಿಕೊಳ್ಳಬಹುದು. ಗೆಳೆಯರ ನೋಟ್ಸು ಮೊಬೈಲಿನಲ್ಲೇ ಬರುತ್ತದೆ. ಆದರೂ ವಾರಕ್ಕೊಮ್ಮೆ ಗೆಳೆಯನೇ ಮನೆಗೆ ಬಂದು ಒಂದು ಗಂಟೆ ಕುಳಿತರೆ, ನಾಲ್ಕು ಗೋಡೆಯೊಳಗೆ ಕುಗ್ಗಿದ ಮನಸ್ಸಿಗೆ ಅದೂ ಔಷಧವೇ.

ತಪ್ಪಿದ ಪಾಠವನ್ನು ಒಂದು ತಿಂಗಳಲ್ಲಿ ಕಲಿತುಕೊಳ್ಳಬಹುದು, ಬಿಟ್ಟ ಪಂದ್ಯವನ್ನು ಮುಂದಿನ ವರ್ಷ ಆಡಬಹುದು. ಅವಸರಕ್ಕೆ ಕೆಟ್ಟ ಪಾದವನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆ ಮಗನಿಗೆ ಎಷ್ಟು ಸಲ್ಲುತ್ತದೋ ಅಪ್ಪ ಅಮ್ಮನಿಗೂ ಅಷ್ಟೇ ಸಲ್ಲುತ್ತದೆ.