ಊರು ಬಿಟ್ಟ ಮೇಲೆ ಅಂಟುವ ಹೆಸರು

ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರ ಮಾತುಗಳನ್ನು ಇವತ್ತಿಗೂ ಹೇಳಿಕೊಂಡು ನಗುವವರು ಬೇಕಾದಷ್ಟು ಜನ ಇದ್ದಾರೆ. ಅವರ ಹೆಸರನ್ನು ಬಿಡಿಸಿ ನೋಡಿದವರು ಮಾತ್ರ ಕಡಿಮೆ. ಜಯದೇವಪ್ಪ ಹಾಲಪ್ಪ ಪಟೇಲ್. ಮೊದಲನೆಯದು ಅವರದು, ನಡುವಿನದು ಅಪ್ಪನದು, ಕೊನೆಯದು ಒಂದು ಹುದ್ದೆಯ ಹೆಸರು. 1930ರಲ್ಲಿ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ, ಅಂದರೆ ಅಪ್ಪಟ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದವರಿಗೆ ಈ ಜೋಡಣೆ ಸ್ವಲ್ಪ ಅಪರೂಪವೇ.

ಮೈಸೂರು ಸೀಮೆಯ ರೂಢಿ ಬೇರೆ. ಎಸ್. ನಿಜಲಿಂಗಪ್ಪನವರ ‘ಎಸ್’ ಸಿದ್ದವ್ವನಹಳ್ಳಿ. ಕುವೆಂಪು ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲು ಊರು, ಆಮೇಲೆ ಅಪ್ಪ, ಕಟ್ಟಕಡೆಗೆ ತಾನು. ತುಂಗಭದ್ರೆಯ ಆಚೆ ಹೋದರೆ ಈ ಸಾಲು ತಿರುಗಿ ನಿಲ್ಲುತ್ತದೆ. ಎಸ್.ಆರ್. ಬೊಮ್ಮಾಯಿ ಎಂದರೆ ಸೋಮಪ್ಪ ರಾಯಪ್ಪ ಬೊಮ್ಮಾಯಿ. ಅಲ್ಲಿ ತಾನು ಮೊದಲು, ಮನೆತನ ಕೊನೆಗೆ. ಇಬ್ಬರು ಮುಖ್ಯಮಂತ್ರಿಗಳ ಇನಿಷಿಯಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾರದು ಯಾವ ಸೀಮೆಯ ರೂಢಿ ಎಂದು ಹೇಳಿಬಿಡಬಹುದು. ಪಟೇಲರ ಹೆಸರು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಹೊಳೆಯ ಈಚೆ ಹುಟ್ಟಿ, ಹೊಳೆಯ ಆಚೆಯವರಂತೆ ಹೆಸರು ಬರೆದುಕೊಂಡವರು ಅವರು.

ಹೊಳೆಯ ಆಚೆ ಎಂದರೆ ದೂರವೇನಲ್ಲ. ಹೊನ್ನಾಳಿ ತಾಲ್ಲೂಕಿನ ಗಡಿ ದಾಟಿದರೆ ಹಾವೇರಿ ಜಿಲ್ಲೆ. ಅದು 1956ರವರೆಗೆ ಮುಂಬೈ ಪ್ರಾಂತ್ಯದ ಧಾರವಾಡಕ್ಕೆ ಸೇರಿದ ನೆಲ. ಇತ್ತ ಜಗಳೂರಿನ ಬಡಗಣ ಅಂಚಿನಲ್ಲಿ ಕೂಡ್ಲಿಗಿ, ಹರಪನಹಳ್ಳಿ. ಅವು 1953ರವರೆಗೆ ಮದರಾಸಿನವು. 1997ರಲ್ಲಿ ಇದೇ ಪಟೇಲರ ಸರ್ಕಾರ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಯನ್ನೂ, ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರನ್ನೂ, ಬಳ್ಳಾರಿಯಿಂದ ಹರಪನಹಳ್ಳಿಯನ್ನೂ ತೆಗೆದು ದಾವಣಗೆರೆ ಜಿಲ್ಲೆ ಮಾಡಿದಾಗ ಹೆಸರಿಡುವ ಈ ಭಿನ್ನ ಪದ್ಧತಿಗಳೆಲ್ಲ ಒಬ್ಬರೇ ಜಿಲ್ಲಾಧಿಕಾರಿಯ ಕಚೇರಿಗೆ ಬಂದು ಕೂತವು. ಹರಪನಹಳ್ಳಿ ಆಮೇಲೆ ಹಿಂದಕ್ಕೆ ಹೋಯಿತು. ಹೊನ್ನಾಳಿಯನ್ನು ಒಡೆದು ನ್ಯಾಮತಿಯನ್ನು ಬೇರೆ ತಾಲ್ಲೂಕು ಮಾಡಿದರು.

ಪಟೇಲಿಕೆಗೂ ಮೂರು ಕಡೆ ಮೂರು ಕಾನೂನು. ಮುಂಬೈಯವರದು 1874ರ ವತನ್ ಕಾಯ್ದೆ, ಮದರಾಸಿನವರದು 1895ರದು, ಮೈಸೂರಿನದು 1908ರದು. ಮೂರರ ತಿರುಳೂ ಒಂದೇ: ಊರಿನ ಕಂದಾಯ ಎತ್ತುವ, ಲೆಕ್ಕ ಬರೆಯುವ, ಕಾವಲು ಕಾಯುವ ಕೆಲಸ ಅಪ್ಪನಿಂದ ಮಗನಿಗೆ. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ. ಕೆಲಸ ವಂಶಕ್ಕೆ ಕಟ್ಟಿಕೊಂಡ ಮೇಲೆ ಹೆಸರೂ ಕಟ್ಟಿಕೊಳ್ಳುವುದು ಸಹಜ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಹುದ್ದೆಗಳನ್ನು ಕಿತ್ತುಹಾಕಿತು. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ‘ಪಟೇಲರ ಮನೆ’, ‘ಶಾನುಭೋಗರ ಹೊಲ’ ಮಾತ್ರ ಹೋಗಲಿಲ್ಲ. ಇವತ್ತು ಚನ್ನಗಿರಿಯ ಯಾವ ಹಳ್ಳಿಗೆ ಹೋಗಿ ಕೇಳಿದರೂ ಪಟೇಲರ ಮನೆಗೆ ದಾರಿ ತೋರಿಸುತ್ತಾರೆ. ಆ ಮನೆಯ ಈಗಿನ ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಿರುತ್ತಾನೆ, ಅಷ್ಟೆ.

ಇದು ನಮ್ಮೂರ ವಿಶೇಷ ಎಂದುಕೊಳ್ಳಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಹಳ್ಳಿಯ ಜಮೀನ್ದಾರನ ಪರವಾಗಿ ಆಳುಗಳಿಂದ ದುಡಿಸಿ ಲೆಕ್ಕ ಒಪ್ಪಿಸುವವನನ್ನು ‘ರೀವ್’ ಎನ್ನುತ್ತಿದ್ದರು. ಚಾಸರನ ಕ್ಯಾಂಟರ್ಬರಿ ಯಾತ್ರಿಕರಲ್ಲಿ ಅಂಥವನೊಬ್ಬನಿದ್ದಾನೆ. ಹುದ್ದೆ ಹೋಗಿ ಎಷ್ಟೋ ಕಾಲವಾಯಿತು, ರೀವ್, ರೀವ್ಸ್ ಎಂಬ ಮನೆತನಗಳು ಉಳಿದಿವೆ. ಮನೆವಾರ್ತೆ ನೋಡಿಕೊಳ್ಳುವ ‘ಸ್ಟೂವರ್ಡ್’ನ ಹೆಸರಂತೂ ಸ್ಟೂವರ್ಟ್ ಆಗಿ ಸಿಂಹಾಸನವನ್ನೇ ಏರಿತು. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿಗೂ ಹುಟ್ಟು, ಮದುವೆ, ಸಾವಿನ ಪುಸ್ತಕ ಇಡಬೇಕೆಂದು ಅಪ್ಪಣೆ ಮಾಡಿದ ಮೇಲೆ ಈ ಹೆಸರುಗಳು ಅಲುಗಾಡದಂತೆ ನಿಂತವು. ಪುಸ್ತಕ ಇಟ್ಟವನಿಗೆ ಅಡ್ಡಹೆಸರು ಬೇಕು. ಹಳ್ಳಿಯೊಳಗೆ ಬದುಕುವವನಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಹಳ್ಳಿಯಲ್ಲಿ ಕರೆಯಲು ಬೇರೆ ಏರ್ಪಾಡಿದೆ. ಮೇಲ್ಮನೆ ರುದ್ರಣ್ಣ, ಕೆಳಗಿನ ಕೇರಿ ರುದ್ರಣ್ಣ, ಗಿರಣಿ ರುದ್ರಣ್ಣ, ಖೇಣಿ ರುದ್ರಣ್ಣ. ಅಡಿಕೆ ತೋಟದ ಖೇಣಿ, ಅಂದರೆ ಫಸಲಿನ ಗುತ್ತಿಗೆ, ಹಿಡಿಯುವುದನ್ನು ಬಿಟ್ಟ ದಿನ ಆ ಹೆಸರೂ ಸಡಿಲವಾಗಬಹುದು. ಊರಿನ ಹೆಸರಂತೂ ಊರೊಳಗೆ ದಂಡ. ವಡ್ನಾಳಿನಲ್ಲಿ ಎಲ್ಲರೂ ವಡ್ನಾಳಿನವರೇ. ಚನ್ನಗಿರಿಯ ಪೇಟೆಗೆ ಬಂದಾಗ ತಾನೇ ‘ವಡ್ನಾಳ್ ರಾಜಣ್ಣ’ ಎನ್ನುವುದಕ್ಕೆ ಅರ್ಥ ಬರುವುದು. ಆ ಹೆಸರಿನಲ್ಲೇ ಅವರು ವಿಧಾನಸಭೆಗೂ ಹೋಗಿ ಬಂದರು. ದಾವಣಗೆರೆಯ ಹಳೆಯ ವರ್ತಕರ ಮನೆತನಗಳನ್ನು ನೋಡಿ: ಶಾಮನೂರು, ರಾಜನಹಳ್ಳಿ, ಮಾಗನೂರು. ಎಲ್ಲವೂ ಬಿಟ್ಟು ಬಂದ ಹಳ್ಳಿಗಳು. ಶಾಮನೂರು ಶಿವಶಂಕರಪ್ಪನವರ ಮಗ ಎಸ್.ಎಸ್. ಮಲ್ಲಿಕಾರ್ಜುನ ಆದಾಗ ಆ ಎರಡು ಎಸ್‌ಗಳಲ್ಲಿ ಒಂದು ಊರು, ಒಬ್ಬ ಅಪ್ಪ ಇಬ್ಬರೂ ಅಡಗಿ ಕೂತರು. ಮುಳುಬಾಗಿಲಿನಲ್ಲೋ ಮಂಗಳೂರಿನಲ್ಲೋ ಕೂತು ಪತ್ರಿಕೆ ಓದುವವನಿಗೆ ಇದು ಹೊಳೆಯುವುದೇ ಇಲ್ಲ. 1957ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದ ಮಹಮ್ಮದ್ ಇಮಾಂ ಸಾಹೇಬರನ್ನು ಜನ ಜಗಳೂರು ಇಮಾಂ ಎಂದೇ ಕರೆದರು. ಜಗಳೂರಿನ ಒಳಗೆ ಅವರನ್ನು ಹಾಗೆ ಕರೆಯುವ ಅಗತ್ಯವಿತ್ತೇ?

ಹಳ್ಳಿಯ ಒಳಗೇ ಹೊರಗಿನವನಂತೆ ಕೂತಿರುವುದು ಸರ್ಕಾರದ ಕಾಗದ. ಹೊನ್ನಾಳಿ ಕಡೆಯ ಒಂದು ಹಳೆಯ ಪಹಣಿ ತೆಗೆದು ಖಾತೆದಾರರ ಹೆಸರಿನ ಕಾಲಂ ಓದಿ. ‘ಹಾಲಪ್ಪ ಬಿನ್ ಬಸಪ್ಪ’, ಅದರ ಕೆಳಗೆ ‘ಗೌರಮ್ಮ ಕೋಂ ಹಾಲಪ್ಪ’. ಬಿನ್ ಎಂದರೆ ಅರಬ್ಬಿಯಲ್ಲಿ ಮಗ. ಲಿಂಗ ಕಟ್ಟಿದ ಬಸಪ್ಪನ ಮಗನನ್ನು ಅರಬ್ಬೀ ಮಾತಿನಲ್ಲಿ ಅಪ್ಪನಿಗೆ ಗಂಟುಹಾಕಿ, ಅವನ ಹೆಂಡತಿಯನ್ನು ‘ಕೋಂ’ ಎಂದು ಗಂಡನಿಗೆ ಗಂಟುಹಾಕಿದ ಈ ಬರವಣಿಗೆ ಈಗಲೂ ನಡೆಯುತ್ತಿದೆ, ಯಾರಿಗೂ ಅದು ಪರಕೀಯ ಅನ್ನಿಸಿಲ್ಲ. ಪಹಣಿಗೆ ಮನೆತನ ಬೇಡ, ಒಂದು ತಲೆಮಾರು ಹಿಂದಕ್ಕೆ ಕೈ ತೋರಿಸಿದರೆ ಸಾಕು. ತಕರಾರು ಶುರುವಾಗುವುದು ಕಾಗದಗಳು ಹೆಚ್ಚಾದಾಗ. ಪಹಣಿಯಲ್ಲಿ ಹಾಲಪ್ಪ, ಆಧಾರ್‌ನಲ್ಲಿ ಹಾಲೇಶಪ್ಪ ಬಿ., ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬಿ. ಹಾಲಪ್ಪ. ಮೂವರೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಸೀಲು ಹಾಕಿಸದೆ ಬೆಳೆ ಪರಿಹಾರದ ದುಡ್ಡು ಬರುವುದಿಲ್ಲ. ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಗಳಿಗೆ ಈ ‘ಒಬ್ಬನೇ ವ್ಯಕ್ತಿ’ ಅಫಿಡವಿಟ್ಟು ಕಾಯಂ ಗಿರಾಕಿ.

ಈಗ ಹಾಲಪ್ಪನ ವಿಷಯಕ್ಕೆ ಬರೋಣ. ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ಅದು. ಅದಕ್ಕೂ ಮೊದಲು ಹೆಸರಿನಿಂದ ಊರು ಹಿಡಿಯುವ ಒಂದು ಇಂಗ್ಲಿಷ್ ಲೆಕ್ಕ.

ಇಂಗ್ಲೆಂಡಿನಲ್ಲಿ ಹೆನ್ರಿ ಬ್ರೌಗಮ್ ಗಪ್ಪಿ ಎಂಬ ನೌಕಾಪಡೆಯ ವೈದ್ಯ 1890ರಲ್ಲಿ ಒಂದು ಪುಸ್ತಕ ತಂದ. ಯಾವ ಅಡ್ಡಹೆಸರು ಯಾವ ಕೌಂಟಿಯಲ್ಲಿ ಎಷ್ಟಿದೆ ಎಂಬುದರ ಲೆಕ್ಕ ಅದು. ಡೈರೆಕ್ಟರಿಗಳಿಂದ ಅವನು ರೈತರ ಹೆಸರುಗಳನ್ನು ಮಾತ್ರ ಎತ್ತಿಕೊಂಡ. ನೆಲ ಹಿಡಿದು ಕೂತವರೇ ಊರು ಬಿಡುವುದು ಕಡಿಮೆ ಎಂಬ ತರ್ಕ. 10,000 ರೈತರಲ್ಲಿ ಇಂಥ ಹೆಸರಿನವರು ಎಷ್ಟು ಎಂದು ಎಣಿಸಿ, ಆ ಹೆಸರಿನ ತವರು ಯಾವುದೆಂದು ಗುರುತಿಸಿದ. ಅವನ ಉಪಾಯವನ್ನು ನಮ್ಮ ಈ ತಾಲ್ಲೂಕುಗಳ ಮೇಲೆ ಪ್ರಯೋಗಿಸಿದರೆ ಏನೂ ಸಿಗದು. ರೈತರೇನೋ ಬೇಕಾದಷ್ಟಿದ್ದಾರೆ, ಅವರಿಗೆ ಅಡ್ಡಹೆಸರಿಲ್ಲ. ನಮ್ಮ ಜನಗಣತಿ ಅಂಥ ಪಟ್ಟಿಯನ್ನು ಕೊಡುವುದೂ ಇಲ್ಲ.

ಆದರೆ ಸ್ವಂತ ಹೆಸರುಗಳನ್ನು ಎಣಿಸಿ ನೋಡಿ. ಒಡೆಯುವ ಮುಂಚಿನ ಹೊನ್ನಾಳಿ ತಾಲ್ಲೂಕಿನ ರಾಂಪುರ, ಗೋವಿನಕೋವಿಗಳಲ್ಲಿ ಹಾಲಸ್ವಾಮಿ ಮಠಗಳಿವೆ. ಅವುಗಳ ಸುತ್ತಲ ಹಳ್ಳಿಗಳಲ್ಲಿ ಹಾಲಪ್ಪ, ಹಾಲೇಶಪ್ಪ, ಹಾಲೇಶ, ಹಾಲಮ್ಮ ಎಂದು ಕೂಗಿದರೆ ಯಾರಾದರೊಬ್ಬರು ತಿರುಗಿ ನೋಡುತ್ತಾರೆ. ಆ ಭಕ್ತಿ ಚನ್ನಗಿರಿಗೂ ಹಬ್ಬಿದೆ. ಹರಿಹರದ ಕಡೆ ಸರಿದರೆ ಉಕ್ಕಡಗಾತ್ರಿಯ ಅಜ್ಜಯ್ಯನ ಕೃಪೆಯಿಂದ ಕರಿಬಸಪ್ಪಂದಿರು ಹೆಚ್ಚುತ್ತಾರೆ. ಜಗಳೂರಿಗೆ ಬನ್ನಿ, ಹಾಲೇಶ ತೆಳುವಾಗಿ ಕೊಟ್ರೇಶ ಬರುತ್ತಾನೆ, ಏಕೆಂದರೆ ಕೊಟ್ಟೂರು ಹತ್ತಿರ. ನಾಯಕನಹಟ್ಟಿಯ ಪ್ರಭಾವಕ್ಕೆ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ. ಉಜ್ಜಿನಿಯಿಂದಾಗಿ ಮರುಳಸಿದ್ದಪ್ಪ. ಬಯಲುಸೀಮೆಯ ಬೇಡರ ಹಟ್ಟಿಗಳಲ್ಲಿ ಓಬಣ್ಣ, ಪಾಲಯ್ಯ, ಬೋರಯ್ಯ. ಈ ಹೆಸರುಗಳು ಬೇರೆ ಕಡೆ ಇಲ್ಲವೇ ಇಲ್ಲ ಎಂದಲ್ಲ. ಆದರೆ ದಾವಣಗೆರೆಯ ಯಾವುದೋ ಹಾಸ್ಟೆಲಿನಲ್ಲಿ ಕೊಟ್ರೇಶನೂ ಹಾಲೇಶನೂ ಒಂದೇ ರೂಮಿನಲ್ಲಿದ್ದರೆ ಹಬ್ಬಕ್ಕೆ ಯಾರು ಯಾವ ಬಸ್ ಹತ್ತುತ್ತಾರೆ ಎಂದು ವಾರ್ಡನ್ ಕೇಳಬೇಕಾಗಿಲ್ಲ. ಇಂಗ್ಲಿಷರಿಗೆ ಊರು ಹೇಳುವುದು ಕೊನೆಯ ಹೆಸರು. ನಮ್ಮವರಿಗೆ ಹೆತ್ತವರು ಹರಕೆ ಹೊತ್ತು ಇಟ್ಟ ಮೊದಲ ಹೆಸರು.

ಹಾಗೆಂದು ಕೊನೆಯ ಹೆಸರು ಇರುವ ಕಡೆಯೂ ಅದನ್ನು ನಂಬಿ ಕೂರುವಂತಿಲ್ಲ. ‘ನಾಯಕ’ ಎಂಬುದನ್ನೇ ತೆಗೆದುಕೊಳ್ಳಿ. ಸಂತೇಬೆನ್ನೂರಿನ ಪುಷ್ಕರಣಿ ಕಟ್ಟಿಸಿದ ಕೆಂಗ ಹನುಮಂತ ನಾಯಕ ಪಾಳೆಯಗಾರ. ಜಗಳೂರಿನ ನಾಯಕರು ಬೇಡ ಸಮುದಾಯದವರು, ಚಿತ್ರದುರ್ಗವನ್ನು ಆಳಿದ ಕಾಮಗೇತಿ ವಂಶದ ನೆನಪು ಇಟ್ಟುಕೊಂಡವರು. 1991ರ ತಿದ್ದುಪಡಿಯ ನಂತರ ಪರಿಶಿಷ್ಟ ಪಂಗಡ. ನ್ಯಾಮತಿ ತಾಲ್ಲೂಕಿಗೆ ಹೋದರೆ ಅಲ್ಲಿ ಸೂರಗೊಂಡನಕೊಪ್ಪವಿದೆ, 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ದೇಶದ ಬಂಜಾರರೆಲ್ಲ ಫೆಬ್ರುವರಿಯಲ್ಲಿ ಬಂದು ಸೇರುವ ಜಾಗ. ತಾಂಡಾದ ಮುಖಂಡ ‘ನಾಯ್ಕ’, ಅವನ ಜೊತೆಗೆ ಕಾರಭಾರಿ, ಡಾವೋ. ಈ ಭಾಗದ ಲಂಬಾಣಿಗರ ಹೆಸರಿನ ಬಾಲಕ್ಕೆ ಅದೇ ನಾಯ್ಕ ಸೇರಿಕೊಂಡಿದೆ. ಅವರು ಪರಿಶಿಷ್ಟ ಜಾತಿ. ಅದೇ ಜನ ವಿಜಯಪುರ, ಕಲಬುರಗಿಗಳಲ್ಲಿ ತಮ್ಮ ಗೋತ್ರ ಹಿಡಿದು ರಾಠೋಡ, ಚವ್ಹಾಣ, ಪವಾರ, ಜಾಧವ ಎಂದು ಬರೆದುಕೊಳ್ಳುತ್ತಾರೆ. ಕರಾವಳಿಗೆ ಇಳಿದರೆ ಕೊಂಕಣಿ ಮಾತಾಡುವ ನಾಯಕರು ಬೇರೆಯೇ. ಇಷ್ಟು ಜನರನ್ನು ಇಂಗ್ಲಿಷಿನ ಒಂದೇ ಕಾಗುಣಿತದಲ್ಲಿ ಅಕ್ಷರಮಾಲೆಯ ಪ್ರಕಾರ ಜೋಡಿಸಿಬಿಟ್ಟರೆ ಗಪ್ಪಿಯಂಥವನು ತಲೆ ಮೇಲೆ ಕೈ ಹೊತ್ತು ಕೂರಬೇಕು. ಜಾತಿ ಪ್ರಮಾಣಪತ್ರದ ಅರ್ಜಿಗಳನ್ನು ವಿಲೇವಾರಿ ಮಾಡುವ ಗುಮಾಸ್ತರು ದಿನವೂ ಹಾಗೆ ಕೂರುತ್ತಾರೆ.

ಮದುವೆಯ ಮಾತುಕತೆಯಲ್ಲಿ ಕೇಳುವ ಬೆಡಗು ಇದಾವುದೂ ಅಲ್ಲ. ಕುರುಬರಲ್ಲಿ, ಬೇಡರಲ್ಲಿ ಬೆಡಗು ಒಂದೇ ಆದರೆ ಅಣ್ಣತಮ್ಮಂದಿರು, ಹೆಣ್ಣು ಕೊಡುವಂತಿಲ್ಲ. ನಿಜವಾಗಿ ವಂಶದ ಹೆಸರು ಎಂದರೆ ಇದೇ. ಆದರೆ ಅದನ್ನು ಯಾರೂ ಹೆಸರಿನ ಜೊತೆ ಬರೆಯಲಿಲ್ಲ. ಮನೆಯ ಹಿರಿಯರ ಬಾಯಲ್ಲಿ ಉಳಿಯಿತು. ಕಾಗದ ಅದನ್ನು ಕೇಳಲಿಲ್ಲ, ಇವರೂ ಹೇಳಲಿಲ್ಲ.

ಕೇಳುವ ಕಾಗದ ಈಗ ಬಂದಿದೆ, ಅದು ಪಾಸ್‌ಪೋರ್ಟು. ಅದರ ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾನೆ ಇದೆ. ಎಚ್. ಮಂಜುನಾಥ ಅಲ್ಲಿ ಏನು ಬರೆಯಬೇಕು? ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಅವನ ಹೆಸರು ಸರ್‌ನೇಮಿನ ಜಾಗಕ್ಕೆ ಜರುಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ. ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಸಂಕ್ಷೇಪ ಅದು. 2022ರ ನವೆಂಬರಿನಲ್ಲಿ ಯುಎಇ, ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಪ್ರವಾಸಿ ವೀಸಾದಲ್ಲಿ ಬರುವವರನ್ನು ಒಳಗೆ ಬಿಡುವುದಿಲ್ಲ ಎಂದಿತು. ಹಾಗಾಗಿ ‘ಎಚ್’ ಅನ್ನು ಬಿಡಿಸಿ ಬರೆಯುತ್ತಾರೆ. ಒಬ್ಬ ಮಂಜುನಾಥ ಹಾಲೇಶಪ್ಪ ಆಗುತ್ತಾನೆ. ಅವನ ತಮ್ಮ ಊರಿನ ಹೆಸರು ಹಾಕಿ ಕಿರಣ್ ಹೊನ್ನಾಳಿ ಆಗುತ್ತಾನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಮಕ್ಕಳು ಬೇರೆ ಬೇರೆ ಮನೆತನದವರಾಗಿ ಬೆಳೆಯುತ್ತಾರೆ.

ವೇಲ್ಸ್ ಜನರಿಗೂ ಹೀಗೇ ಆಯಿತು. ಅವರಲ್ಲೂ ಮನೆತನದ ಹೆಸರಿರಲಿಲ್ಲ, ಇಂಥವನ ಮಗ ಇಂಥವನು ಎಂದು ‘ಆಪ್’ ಸೇರಿಸಿ ಹೇಳುತ್ತಿದ್ದರು, ನಮ್ಮ ಬಿನ್ ಇದ್ದ ಹಾಗೆ. ಎಂಟನೆಯ ಹೆನ್ರಿಯ ಕಾಲದಲ್ಲಿ ಇಂಗ್ಲಿಷ್ ಕಾನೂನಿನ ಕೆಳಗೆ ಬಂದ ಮೇಲೆ ನಿಧಾನವಾಗಿ ಅಪ್ಪನ ಹೆಸರುಗಳು ಹಾಗೇ ಹೆಪ್ಪುಗಟ್ಟಿದವು. ಆಪ್ ಹೌವೆಲ್ ಪೊವೆಲ್ ಆಯಿತು, ಆಪ್ ರೀಸ್ ಪ್ರೈಸ್ ಆಯಿತು, ಜಾನ್‌ನ ಮಕ್ಕಳೆಲ್ಲ ಜೋನ್ಸ್ ಆದರು. ಇಂಗ್ಲೆಂಡ್, ವೇಲ್ಸ್‌ಗಳ ಅಡ್ಡಹೆಸರುಗಳ 1853ರ ಪಟ್ಟಿಯಲ್ಲಿ ಸ್ಮಿತ್ ಬಿಟ್ಟರೆ ಜೋನ್ಸನೇ ಎರಡನೆಯವನು. ಅವರಿಗೆ ತಲೆಮಾರುಗಳೇ ಹಿಡಿದ ಕೆಲಸವನ್ನು ಹೊನ್ನಾಳಿಯ ಹುಡುಗ ಸೈಬರ್ ಸೆಂಟರಿನಲ್ಲಿ ಒಂದು ಮಧ್ಯಾಹ್ನ ಮುಗಿಸಿ ಬರುತ್ತಾನೆ. ಟೆಕ್ಸಾಸಿನ ಶಾಲೆಯಲ್ಲಿ ಅವನ ಮಗಳನ್ನು ‘ಮಿಸ್ ಹಾಲೇಶಪ್ಪ’ ಎಂದು ಕೂಗಿದರೆ ಅವಳ ಅಜ್ಜನಿಗೆ ಊರಲ್ಲಿ ಬಿಕ್ಕಳಿಕೆ ಬರಬೇಕು.

ನನ್ನ ಮಟ್ಟಿಗೆ ಅಣ್ಣನ ಆಯ್ಕೆಯೇ ವಾಸಿ. ಈಗ ಊರಿನಲ್ಲೇ ಹುಟ್ಟುವ ಮಕ್ಕಳಿಗೂ ಹಾಲೇಶ, ಕೊಟ್ರೇಶ ಎಂದು ಇಡುವವರು ಕಡಿಮೆ. ತೇಜಸ್, ಮನ್ವಿತ್ ಎಂಬ ಹೆಸರುಗಳಿಂದ ಯಾವ ತಾಲ್ಲೂಕೂ ಗೊತ್ತಾಗುವುದಿಲ್ಲ. ಮಠದ ಹೆಸರು ಮಗುವಿನಿಂದ ಇಳಿದು ಇನಿಷಿಯಲ್ಲಿಗೆ, ಅಲ್ಲಿಂದ ಪಾಸ್‌ಪೋರ್ಟಿನ ಸರ್‌ನೇಮಿಗೆ ಸರಿದಿದೆ. 2010ರ ಅಮೆರಿಕದ ಜನಗಣತಿಯಲ್ಲಿ ಪಟೇಲ್ ಎಂಬುದು ಅಲ್ಲಿನ ಮೊದಲ 100 ಅಡ್ಡಹೆಸರುಗಳಲ್ಲಿ ಒಂದು; ಅವರಲ್ಲಿ ಹೆಚ್ಚಿನವರು ಗುಜರಾತಿಗಳು. ಕಾರಿಗನೂರಿನ ಯಾರಾದರೂ ಅಲ್ಲಿಗೆ ಹೋಗಿ ಪಟೇಲ್ ಎಂದೇ ಉಳಿದರೆ ಅವರ ಮೊಮ್ಮಕ್ಕಳನ್ನು ಯಾರಾದರೂ ಆನಂದ್‌ಗೋ ಸೂರತ್‌ಗೋ ಹುಡುಕಿಕೊಂಡು ಹೋಗಿಬಿಡುತ್ತಾರೆ. ಹಾಲಪ್ಪ ಎಂದು ಉಳಿದರೆ ಹುಡುಕುವವರು ರಾಂಪುರದ ಮಠದ ಸುತ್ತ ಹತ್ತಾರು ಹಳ್ಳಿಗಳಲ್ಲಿ ವಿಚಾರಿಸಿದರೆ ಸಾಕಾದೀತು.